ರಾಯ್ಸ್ ಉಜ್ಜಿದ ರಾಡುಗಳು

ಲೊರೇನಳನ್ನು ಮದುವೆಯಾದ ಮೇಲೆ ವೆಂಡೆಲ್ ಕ್ರೌಸ್ ಅವಳ ಮನೆಗೇ ಬಂದು ಸೇರಿದ. ಊರಿನವರು ಅದನ್ನು ರಾಯ್ಸ್ ಟಕೆಟ್ ಮನೆ ಎಂದು ಕರೆಯುತ್ತಿದ್ದರು. ವೆಂಡೆಲ್ ಬಂದು ವರ್ಷಗಳಾದರೂ ಹಾಗೇ ಕರೆಯುತ್ತಾರೆ. ಚಳಿಗಾಲಕ್ಕೆ ಸೌದೆ ತರುವವನಿಗೆ ಫೋನಿನಲ್ಲಿ ದಾರಿ ಹೇಳುವಾಗ "ರಾಯ್ಸ್ ಮನೆ ಅಂತ ಕೇಳಿ" ಎನ್ನುವ ಮಾತು ಒಮ್ಮೆ ಅವನ ಬಾಯಿಂದಲೇ ಬಂದಿತ್ತು.

ರಾಯ್ಸ್ ಲೊರೇನಳ ಮೊದಲ ಗಂಡ, ಲೈನ್‌ಮನ್. ಮಗಳು ಕೆಂಡ್ರಾ ಶಾಲೆಯಲ್ಲಿದ್ದಾಗ ಒಂದು ಚಳಿಗಾಲ ಮಂಜುಗಡ್ಡೆಯ ಮಳೆ ಸುರಿದು ನಮ್ಮ ಕಡೆಯ ಕಂಬಗಳೆಲ್ಲ ಕಡ್ಡಿಗಳಂತೆ ಮುರಿದುಬಿದ್ದವು. ಕರೆಂಟಿಲ್ಲ ಎಂದುಕೊಂಡು ರಾಯ್ಸ್ ಹಿಡಿದ ತಂತಿಯಲ್ಲಿ ಕರೆಂಟಿತ್ತು. ಯಾರದೋ ಮನೆಯ ಜನರೇಟರಿನಿಂದ ಅದು ಹಿಂದಕ್ಕೆ ಹರಿದು ಬಂದಿತ್ತು. ಆದರೆ ಕಂಪನಿ ನಡೆಸಿದ ವಿಚಾರಣೆ ಬೇರೆಯೇ ಹೇಳಿತು: ತಂತಿಗೆ ಮೊದಲು ಅರ್ತ್ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ಕೊಡದೆ ಕೈ ಹಾಕಿದ್ದು ಸತ್ತವನ ಅಜಾಗರೂಕತೆ. ಲೊರೇನ್ ಅದನ್ನು ಯಾವತ್ತೂ ಒಪ್ಪಲಿಲ್ಲ. "ಷೂ ಲೇಸು ಕಟ್ಟಿದ್ಮೇಲೂ ಎಳೆದು ನೋಡೋ ಮನುಷ್ಯ ಅವನು. ಅರ್ತ್ ಮರೀತಾನಾ? ಹಾಕಿದ್ದ. ಗಾಳಿಗೆ ಕಳಚಿದೆ," ಎಂದು ಯಾರ ಮುಂದೆಯೂ ಹೇಳುತ್ತಿದ್ದಳು. ಕೆಂಡ್ರಾ ಬೆಳೆದದ್ದೇ ಆ ಮಾತನ್ನು ಕೇಳುತ್ತ.

ರಾಯ್ಸ್ ಬಿಟ್ಟುಹೋದದ್ದರಲ್ಲಿ ಒಂದು ಎಪ್ಪತ್ತನೇ ಇಸವಿಯ ಚೆವೆಲ್ ಕಾರು. ಗ್ಯಾರೇಜಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಎಂಟು ಸಿಲಿಂಡರಿನ ಅದರ ದೊಡ್ಡ ಎಂಜಿನ್ನನ್ನು ಬಿಚ್ಚಿ, ಹೊಸದಾಗಿ ಕಟ್ಟಬೇಕೆಂದು ಒಂದೊಂದೇ ಭಾಗವನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅವುಗಳಲ್ಲೆಲ್ಲ ಅವನು ಹೆಚ್ಚು ಕೈಸವೆಸಿದ್ದು ಕನೆಕ್ಟಿಂಗ್ ರಾಡುಗಳ ಮೇಲೆ. ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ, ಗೇಣಿಗಿಂತ ಸ್ವಲ್ಪ ಚಿಕ್ಕದಾದ ಉಕ್ಕಿನ ತೋಳುಗಳು ಅವು. ಎಂಜಿನ್ನಿನಲ್ಲಿ ಬೇರೆ ಏನಾದರೂ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ರಾಡ್ ಮುರಿದರೆ ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಬರುತ್ತದೆ. ಆ ರಾಡುಗಳ ಬದಿಯ ಒರಟು ಏಣುಗಳನ್ನು ರಾಯ್ಸ್ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಸಂಜೆಗೊಂದಿಷ್ಟು ಎಂದು, ಕನ್ನಡಿಯಂತಾಗುವವರೆಗೆ ಉಜ್ಜಿದ್ದ. ಅಪ್ಪನ ಪಕ್ಕ ಕೂತು ಆ ಸದ್ದು ಕೇಳಿದ್ದೇ ಕೆಂಡ್ರಾಳಿಗೆ ಅವನ ಬಗ್ಗೆ ಇದ್ದ ಅತಿ ಸ್ಪಷ್ಟವಾದ ನೆನಪು.

ವೆಂಡೆಲ್ ಕೆಟ್ಟ ಮನುಷ್ಯನಲ್ಲ. ತಾನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮಿಲ್ಟ್ ಗ್ರೂವ್ಸ್‌ನ ಎಂಜಿನ್ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ, ಆ ಕೆಲಸದಲ್ಲಿ ಹೆಸರು ಮಾಡಿದವನು. ಹಿಮ ಬಿದ್ದ ಬೆಳಿಗ್ಗೆ ಪಕ್ಕದ ಮನೆಯ ಮುದುಕಿಯ ಅಂಗಳದ ಹಿಮವನ್ನೂ ಬಾಚಿಕೊಟ್ಟೇ ಹೊರಡುವವನು. ಆದರೆ ಆ ಮನೆಯಲ್ಲಿ ಅವನು ಯಾವ ಬಾಗಿಲು ತೆಗೆದರೂ ಅದರ ಕೀಲು ಹಾಕಿದವನು ರಾಯ್ಸ್. ಆ ಚೆವೆಲ್ ಕಾರನ್ನು ಅವನು ಮುಟ್ಟಿರಲಿಲ್ಲ. ಮುಟ್ಟು ಎಂದು ಯಾರೂ ಹೇಳಿರಲಿಲ್ಲ.

ಅದಕ್ಕೇ, ಆಂಬುಲೆನ್ಸ್ ಓಡಿಸುವ ಕೆಲಸ ಹಿಡಿದು ಬೇರೆ ಮನೆ ಮಾಡಿದ್ದ ಕೆಂಡ್ರಾ ಆ ಫೆಬ್ರವರಿಯಲ್ಲಿ ಬಂದು, "ವೆಂಡೆಲ್, ಅಪ್ಪನ ಕಾರು ಎಬ್ಬಿಸೋಣ ಅಂತಿದೀನಿ. ನೀನು ಜೊತೆಗಿದ್ರೆ ಆಗತ್ತೆ," ಎಂದಾಗ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತ. ಅವಳು ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ರಾಡ್ ಮಾತ್ರ ಅಪ್ಪಂದೇ ಇರ್ಬೇಕು," ಎಂದಳು. "ಬೇರೆ ಏನು ಬೇಕಾದ್ರೂ ಬದಲಾಯ್ಸು."

"ಮೊದ್ಲು ಪರೀಕ್ಷೆ ಮಾಡಿ ನೋಡ್ಬೇಕು. ಕಣ್ಣಿಗೆ ಕಾಣದ ಬಿರುಕಿರತ್ತೆ."

"ಮಾಡು. ಅಪ್ಪನ ಕೆಲ್ಸ, ಏನೂ ಸಿಗಲ್ಲ ನಿಂಗೆ."

ಮಿಲ್ಟ್‌ನ ವರ್ಕ್‌ಶಾಪಿನಲ್ಲಿ ಕಪ್ಪು ಪರದೆ ಎಳೆದ ಒಂದು ಮೂಲೆಯಿದೆ. ಉಕ್ಕಿನ ಭಾಗಕ್ಕೆ ಅಯಸ್ಕಾಂತದ ಬಲ ಹಾಯಿಸಿ, ಕಬ್ಬಿಣದ ನುಣ್ಣನೆ ಪುಡಿ ಕಲಸಿದ ದ್ರವ ಸುರಿದು, ನೇರಳೆ ದೀಪ ಹಾಕಿದರೆ ಬಿರುಕು ಇದ್ದಲ್ಲಿ ಹಸಿರು ಗೆರೆ ಹೊಳೆಯುತ್ತದೆ. ವೆಂಡೆಲ್ ಒಂದೊಂದೇ ರಾಡನ್ನು ಹಿಡಿದು ನೋಡಿದ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ತಪ್ಪು ಹುಡುಕುತ್ತ ಅವನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಅರಿಯದವರು ಅಡ್ಡಡ್ಡ ಉಜ್ಜಿ ಗೀರು ಬೀಳಿಸುತ್ತಾರೆ, ಆ ಗೀರಿನಿಂದಲೇ ಮುಂದೆ ರಾಡ್ ಸೀಳುತ್ತದೆ. ರಾಯ್ಸ್ ಎಲ್ಲವನ್ನೂ ಉದ್ದುದ್ದಕ್ಕೆ ಉಜ್ಜಿದ್ದ. ಎಲ್ಲೂ ಗೀರಿಲ್ಲ. ಒಂದರ ಹಿಂದೊಂದು ರಾಡ್ ನಿರ್ಮಲವಾಗಿ ಹೊರಬಿತ್ತು.

ಕೊನೆಯದರಲ್ಲಿ, ಬೋಲ್ಟ್ ಕೂರುವ ಹೆಗಲಿನ ಹತ್ತಿರ, ಕೂದಲಿನಷ್ಟು ಸಣ್ಣ ಹಸಿರು ಗೆರೆ ಹೊಳೆಯಿತು.

ಅದನ್ನು ಕಂಡ ಕ್ಷಣ ವೆಂಡೆಲ್‌ಗೆ ಸಂತೋಷವಾಯಿತು. ತನಗೆ ಸಂತೋಷವಾಯಿತು ಎಂಬುದು ಅವನಿಗೆ ಗೊತ್ತಾಯಿತು ಕೂಡ. ಥೂ ಎಂದುಕೊಂಡು ದೀಪ ಆರಿಸಿದ. ಆ ಬಿರುಕು ರಾಯ್ಸ್‌ನ ಕೈಯಿಂದ ಆದದ್ದೂ ಅಲ್ಲ. ಅವನಿಗಿಂತ ಮೊದಲು ಯಾರೋ ಆ ಕಾರನ್ನು ರೇಸಿಗೆ ಬಿಟ್ಟು ದಣಿಸಿದ್ದರು. ಒಂದು ಹೋಗಿದೆ, ಅದೇ ಕಾಲದ ಇನ್ನೊಂದು ಹುಡುಕಿ ತೂಕ ಸರಿಹೊಂದಿಸಿದರಾಯಿತು, ಬೋಲ್ಟುಗಳನ್ನು ಹೊಸವು ಹಾಕಿದರಾಯಿತು ಎಂದು ಹೇಳಲೆಂದೇ ಮನೆಗೆ ಹೋದ.

ಕೆಂಡ್ರಾ ಊಟಕ್ಕೆ ಬಂದಿದ್ದಳು. ಹಂದಿಮಾಂಸದ ತುಂಡುಗಳು, ಆಲೂಗಡ್ಡೆ, ಬೀನ್ಸು. ವೆಂಡೆಲ್ ಹಿಂದಿನ ವಾರವಷ್ಟೇ ಅಡುಗೆಮನೆಯಲ್ಲಿ ಒಂದು ಶೆಲ್ಫ್ ಹೊಡೆದಿದ್ದ. ಅದರ ಮೇಲಿಟ್ಟ ನಿಂಬೆಹಣ್ಣು ತಾನಾಗಿ ಉರುಳಿ ಪಾತ್ರೆ ತೊಳೆಯುವ ಸಿಂಕಿಗೆ ಬಿತ್ತು. ತಾಯಿ ಮಗಳು ಬಿದ್ದೂ ಬಿದ್ದೂ ನಕ್ಕರು.

"ಒಳ್ಳೇದಾಯ್ತು ಬಿಡು, ಹಣ್ಣು ತೊಳ್ಯೋ ಕೆಲ್ಸ ಉಳೀತು," ಎಂದಳು ಕೆಂಡ್ರಾ.

"ರಾಯ್ಸ್ ಆಗಿದ್ರೆ ಮಟ್ಟ ನೋಡದೆ ಒಂದು ಮೊಳೆ ಹೊಡೀತಿರ್ಲಿಲ್ಲ," ಎಂದಳು ಲೊರೇನ್, ಕಣ್ಣೊರೆಸಿಕೊಳ್ಳುತ್ತ. ಚುಚ್ಚಬೇಕೆಂದು ಅಂದದ್ದಲ್ಲ. ಎಂದೂ ಹಾಗೇ ಅನ್ನುತ್ತಿದ್ದಳು, ಎಂದೂ ವೆಂಡೆಲ್ ನಗುತ್ತಿದ್ದ.

"ಅಂದ ಹಾಗೆ, ಅಪ್ಪನ ರಾಡ್ ಏನಾಯ್ತು?" ಕೆಂಡ್ರಾ ಕೇಳಿದಳು.

"ಆಗಲ್ಲ."

"ಆಗಲ್ಲ ಅಂದ್ರೆ? ಯಾವ್ದು?"

"ಎಲ್ಲಾ," ಎಂದ ವೆಂಡೆಲ್. "ಎಲ್ಲಾ ಬಿರುಕು ಬಿಟ್ಟಿದೆ."

ಆ ಮಾತು ತನ್ನ ಬಾಯಿಂದ ಹೊರಬಿದ್ದದ್ದು ಅವನಿಗೇ ಆಶ್ಚರ್ಯ. ಹಿಂದಕ್ಕೆ ತೆಗೆದುಕೊಳ್ಳಲು ಒಂದು ಗಳಿಗೆ ಸಮಯವಿತ್ತು. ಆ ಗಳಿಗೆಯಲ್ಲಿ ಅವನು ಆಲೂಗಡ್ಡೆಗೆ ಉಪ್ಪು ಹಾಕಿಕೊಂಡ.

ಕೆಂಡ್ರಾ ಫೋರ್ಕ್ ಕೆಳಗಿಟ್ಟಳು. "ಎಂಟೂ?"

"ಹೂಂ. ಹಾಕಿದ್ರೆ ಮೊದಲನೇ ಸಲ ಜೋರಾಗಿ ತುಳಿದಾಗ್ಲೇ ಎದ್ದು ಹೊರಗೆ ಬರ್ತಿತ್ತು."

"ನೋಡ್ಬೋದಾ?"

"ಬರೀ ಕಣ್ಣಿಗೆ ಕಾಣಲ್ಲ ಕಣಮ್ಮ."

ಅವಳು ಮತ್ತೆ ಫೋರ್ಕ್ ಎತ್ತಿಕೊಂಡಳು. ನಂಬಿದಳು. ವೆಂಡೆಲ್ ಎಂಜಿನ್ನಿನ ವಿಷಯದಲ್ಲಿ ತಪ್ಪು ಹೇಳುವವನಲ್ಲ ಎಂದು ಊರೇ ನಂಬುತ್ತಿತ್ತು.

ಮುಂದಿನ ಕೆಲವು ವಾರಗಳು ವೆಂಡೆಲ್‌ಗೆ ಆ ಮನೆಯಲ್ಲಿ ಕಳೆದವುಗಳಲ್ಲೆಲ್ಲ ಒಳ್ಳೆಯ ವಾರಗಳಾಗಬೇಕಿತ್ತು. ಕೆಂಡ್ರಾ ಬಿಡುವಾದಾಗಲೆಲ್ಲ ಬರುತ್ತಿದ್ದಳು. ಹೊಸ ರಾಡ್ ಯಾವುದು ತರಿಸಬೇಕೆಂದು ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕ್ಯಾಟಲಾಗು ಹರಡಿಕೊಂಡು ಕೂರುತ್ತಿದ್ದರು.

"ಅಲ್ಯೂಮಿನಿಯಂದು ಹಗುರ ಅಲ್ವಾ?" ಎನ್ನುತ್ತಿದ್ದಳು ಅವಳು.

"ಹಗುರಾನೇ. ಬಿಸಿಗೆ ಹಿಗ್ಗುತ್ತೆ, ಬೇಗ ಸುಸ್ತಾಗತ್ತೆ. ವಾರಕ್ಕೊಂದು ರೇಸ್ ಓಡಿ ಬಿಚ್ಚಿ ನೋಡೋರಿಗೆ ಅದು. ನೀನು ಅಂಗಡಿಗೆ ಹಾಲು ತರೋಕೂ ಇದ್ರಲ್ಲೇ ಹೋಗೋಳು."

"ಹಾಲು ತರೋಕೆ ಹೋಗ್ತೀನಿ, ಶನಿವಾರ ಡ್ರ್ಯಾಗ್ ಸ್ಟ್ರಿಪ್ಪಿಗೆ ರೇಸ್ ಓಡ್ಸೋಕೂ ಹೋಗ್ತೀನಿ."

"ಹಂಗಾದ್ರೆ ಬಡಿದು ಮಾಡಿದ ಉಕ್ಕಿಂದು. ಅಡ್ಡ ಕೊಯ್ದು ನೋಡಿದ್ರೆ H ಅಕ್ಷರದ ಥರ ಇರತ್ತೆ ನೋಡು, ಇದು. ಸ್ವಲ್ಪ ಭಾರ. ಕ್ರ್ಯಾಂಕಿನ ತೂಕ ಮತ್ತೆ ಹೊಂದಿಸ್ಬೇಕಾಗತ್ತೆ. ಆದ್ರೆ ನೀನು ಎಷ್ಟು ತುಳಿದ್ರೂ ಜಪ್ಪಯ್ಯ ಅನ್ನಲ್ಲ."

ಈ ಮಾತುಗಳಲ್ಲಿ ಸುಳ್ಳಿರಲಿಲ್ಲ. ಅವಳು ಕಾರನ್ನು ಬಳಸಲಿರುವ ರೀತಿಗೆ ಹೊಸ ರಾಡೇ ಸರಿಯಾದ ಆಯ್ಕೆ. ಬಿರುಕಿನ ಮಾತೆತ್ತದೆ ಇದನ್ನೇ ಮೊದಲ ದಿನ ಹೇಳಿದ್ದರೆ ಅವಳು ಕೇಳುತ್ತಿದ್ದಳೋ ಏನೋ. ಹೇಗಿದ್ದರೂ ಹೊಸದೇ ಬೇಕಿತ್ತಲ್ಲ ಎಂಬ ನೆಪವನ್ನು ವೆಂಡೆಲ್ ಹಲವು ಸಲ ತನಗೆ ತಾನೇ ಹೇಳಿಕೊಂಡ. ಅವಳು ಅವನ ಹೆಗಲ ಮೇಲೆ ಗಲ್ಲವಿಟ್ಟು ಕ್ಯಾಟಲಾಗು ನೋಡುವಾಗ ಮಾತ್ರ ಆ ನೆಪ ಸಾಲುತ್ತಿರಲಿಲ್ಲ. ಕದ್ದ ತಿಂಡಿ ತಿನ್ನುವವನ ಹಾಗೆ ಅವನು ಪುಟಗಳನ್ನು ಬೇಗ ಬೇಗ ಮಗುಚುತ್ತಿದ್ದ.

ಹೊಸ ರಾಡುಗಳು ಬಂದ ದಿನ ಗ್ಯಾರೇಜಿನಲ್ಲಿ ಇಬ್ಬರೂ ಅವುಗಳನ್ನು ತೂಗಿ ನೋಡುತ್ತಿದ್ದರು. ಕೆಂಡ್ರಾ ತಕ್ಕಡಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು:

"ಯೂನಿಯನ್ನೋರ ಉಪಾಹಾರಕ್ಕೆ ಈ ಸಲ ನಾನು ಬರಲ್ಲ ಅಂತ ಅಮ್ಮಂಗೆ ಹೇಳ್ಬಿಟ್ಟೆ."

ಕೆಲಸದಲ್ಲಿ ಸತ್ತ ಲೈನ್‌ಮನ್‌ಗಳ ನೆನಪಿಗೆ ಪ್ರತಿ ವಸಂತದಲ್ಲಿ ನಡೆಯುವ ಕೂಟ ಅದು. ತಾಯಿ ಮಗಳು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಯಾಕೆ?"

"ಅಲ್ಲಿ ಎದ್ದು ನಿಂತು 'ನಮ್ಮಪ್ಪ ಅರ್ತ್ ಹಾಕಿದ್ದ' ಅಂತ ಇಷ್ಟು ವರ್ಷ ಹೇಳಿದೀನಿ. ಶಾಲೇಲಿ ಒಬ್ಬ ಹುಡುಗನ ಮೂಗಿಗೆ ಗುದ್ದಿದೀನಿ, ಗೊತ್ತಾ, ನಿಮ್ಮಪ್ಪ ಮರೆತು ಸತ್ತ ಅಂದಿದ್ದಕ್ಕೆ." ಅವಳು ನಗಲು ನೋಡಿದಳು. "ಈಗ ಯೋಚ್ನೆ ಬರತ್ತೆ ವೆಂಡೆಲ್. ಎಂಟಕ್ಕೆ ಎಂಟು ಬಿರುಕು ಬಿಟ್ಟಿರೋದನ್ನ ತಿಂಗಳುಗಟ್ಲೆ ಕೈಯಲ್ಲಿಟ್ಕೊಂಡು ಉಜ್ಜಿದಾನೆ, ಒಂದನ್ನೂ ಪರೀಕ್ಷೆ ಮಾಡಿಸ್ಬೇಕು ಅಂತ ಅನ್ನಿಸಿಲ್ಲ ಅಂದ್ರೆ, ನಾವು ಅಂದ್ಕೊಂಡಷ್ಟು ಹುಷಾರಿನ ಮನುಷ್ಯ ಅಲ್ವೇನೋ. ಅರ್ತ್ ಕೂಡ ಮರ್ತಿರ್ಬೋದು. ಕಂಪನಿಯೋರು ಸರಿಯಾಗೇ ಹೇಳಿರ್ಬೋದು."

ವೆಂಡೆಲ್‌ನ ಕೈಯಲ್ಲಿದ್ದ ರಾಡ್ ತಕ್ಕಡಿಯ ತಟ್ಟೆಗೆ ತಾಗಿ ಠಣ್ ಎಂದಿತು.

"ನಂಗೇನೂ ಕೋಪ ಇಲ್ಲ ಅವ್ನ ಮೇಲೆ," ಎಂದಳು ಕೆಂಡ್ರಾ. "ಆಂಬುಲೆನ್ಸಲ್ಲಿ ನೋಡ್ತೀನಲ್ಲ, ಎಂಥೆಂಥೋರು ಎಂಥೆಂಥದ್ದು ಮರೀತಾರೆ. ಜಂಬ ಕೊಚ್ಕೊಳೋದು ನಿಲ್ಲಿಸ್ಬೇಕು, ಅಷ್ಟೇ."

ಆಗ ಹೇಳಬಹುದಿತ್ತು. ಅವನು ಮುಂದಿನ ರಾಡನ್ನು ತಕ್ಕಡಿಗಿಟ್ಟ.

ಅದಕ್ಕಿಂತ ಕೆಟ್ಟದ್ದು ಆ ಭಾನುವಾರ ಆಯಿತು. ಚರ್ಚಿನಿಂದ ಬಂದು ಲೊರೇನ್ ಕೋಟನ್ನೂ ತೆಗೆಯದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಮುಖ ಒಂದೇ ವಾರದಲ್ಲಿ ಇಳಿದುಹೋಗಿತ್ತು.

"ನೀನು ಕಣ್ಣಾರೆ ನೋಡಿದೀಯ ಆ ರಾಡ್‌ನ. ನೀನೇ ಹೇಳು. ಹುಷಾರಾಗಿರೋ ಮನುಷ್ಯನ ಕೈಯಲ್ಲಿ ಹಂಗಾಗತ್ತಾ? ನಾನಿಷ್ಟು ವರ್ಷ ಸುಮ್ನೆ ಹಟ ಮಾಡಿದ್ನಾ?"

ವೆಂಡೆಲ್ ಕಿಟಕಿಯ ಕಡೆ ನೋಡಿದ. "ಯಾರಿಗಾದ್ರೂ ತಪ್ಪಾಗ್ಬೋದು ಲೊರೇನ್," ಎಂದ.

ಅವಳು ತಲೆಯಾಡಿಸಿ ಎದ್ದು ಹೋದಳು. ಅವನು ಅಲ್ಲೇ ನಿಂತಿದ್ದ. ಊಟದ ಮೇಜಿನಲ್ಲಿ ಬಾಯಿ ಜಾರಿತ್ತು ಎನ್ನಬಹುದು. ಈಗ ಜಾರಿದ್ದಲ್ಲ, ಗೊತ್ತಿದ್ದೂ ಆಡಿದ್ದು. ಬದುಕಿದ್ದಾಗ ತನಗೇನೂ ಕೆಡುಕು ಮಾಡದ ಒಬ್ಬನನ್ನು, ಎದುರು ನಿಂತು ಇಲ್ಲ ಎನ್ನಲಾರದವನನ್ನು, ತಾನು ಅವನ ಹೆಂಡತಿ ಮಗಳ ಕಣ್ಣಲ್ಲೇ ಕೆಳಗಿಳಿಸಿದ್ದ. 

ಸೋಮವಾರ ವರ್ಕ್‌ಶಾಪಿನಲ್ಲಿ ಮಿಲ್ಟ್, ವೆಂಡೆಲ್‌ನ ಬೆಂಚಿನ ಕೆಳಗಿದ್ದ ರಾಯ್ಸ್‌ನ ರಾಡುಗಳ ಡಬ್ಬಿಯನ್ನು ಕಾಲಿನಿಂದ ಎಳೆದು ನೋಡಿದ. ಎಪ್ಪತ್ತು ದಾಟಿದ ಮಿಲ್ಟ್‌ಗೆ ಯಾರ ಡಬ್ಬಿಯೂ ಪರಕೀಯವಲ್ಲ.

"ಏನಯ್ಯಾ ಎರಡನೇ ಗಂಡ, ಮೊದಲನೆಯವನ ಆಸ್ತಿ ಇಲ್ಲಿ ಬಚ್ಚಿಟ್ಟಿದೀಯ?"

"ಒಂದ್ರಲ್ಲಿ ಬಿರುಕಿದೆ. ಹುಡುಗಿ ಹೊಸದೇ ತರಿಸಿದಾಳೆ," ಎಂದ ವೆಂಡೆಲ್. ಮಿಲ್ಟ್‌ನ ಮುಂದೆ ನಿಜ ತಾನಾಗಿ ಬಂತು.

"ಒಂದೇ ತಾನೆ. ನೋಡು, ಅವ್ನಿಗೂ ಅದೇ ಅನುಮಾನ ಇತ್ತು. ಇದೇ ಬಾಗಿಲಲ್ಲಿ ನಿಂತ್ಕೊಂಡು ಹೇಳಿದ್ದ: 'ಮಿಲ್ಟ್, ಕಣ್ಣಲ್ಲಿ ನೋಡಿದ್ದನ್ನ ನಾನು ನಂಬಲ್ಲ. ನಿನ್ನ ದೀಪದ ಕೆಳಗೆ ಹಿಡಿದು ನೋಡದೆ ಒಂದು ಬೋಲ್ಟೂ ಬಿಗಿಯಲ್ಲ. ಕಂಬದ ಕೆಲ್ಸ ಮುಗಿದ್ಮೇಲೆ ತರ್ತೀನಿ' ಅಂತ." ಮಿಲ್ಟ್ ಒಂದು ರಾಡನ್ನು ಎತ್ತಿ ಬೆಳಕಿಗೆ ತಿರುಗಿಸಿದ. "ಬರ್ಲೇ ಇಲ್ಲ ಪಾಪ. ಏನ್ ಕೈ ಕಣಯ್ಯ ಇದು. ಯಾಕೆ, ಮುಖ ಯಾಕೆ ಹಂಗ್ ಮಾಡ್ಕೊಂಡೆ? ಹೊಟ್ಟೆ ಸರಿ ಇಲ್ವಾ?"

"ಇಲ್ಲ," ಎಂದ ವೆಂಡೆಲ್. "ಸರಿ ಇಲ್ಲ."

ಶನಿವಾರ ಮಧ್ಯಾಹ್ನ ವರ್ಕ್‌ಶಾಪು ಮುಚ್ಚಿದ ಮೇಲೆ ಅವನು ಕೆಂಡ್ರಾಳನ್ನು ಕರೆಸಿಕೊಂಡ. ಏನು ಹೇಳಬೇಕೆಂದು ವಾರವೆಲ್ಲ ಮಾತು ಜೋಡಿಸಿಕೊಂಡಿದ್ದ. ಅವಳನ್ನು ಕಂಡದ್ದೇ ಒಂದೂ ನೆನಪಿಗೆ ಬರಲಿಲ್ಲ. ಸುಮ್ಮನೆ ಕಪ್ಪು ಪರದೆಯ ಒಳಗೆ ಕರೆದುಕೊಂಡು ಹೋದ.

"ನಿಮ್ಮಪ್ಪನ ರಾಡ್. ನೀನೇ ನೋಡು. ಬಿರುಕಿದ್ದಲ್ಲಿ ಹಸಿರು ಗೆರೆ ಕಾಣತ್ತೆ."

ಮೊದಲನೆಯದನ್ನು ನೇರಳೆ ಬೆಳಕಿಗೆ ಹಿಡಿದ. ಅವಳು ಬಗ್ಗಿ ನೋಡಿದಳು.

"ಎಲ್ಲಿ?"

ಅವನು ಎರಡನೆಯದನ್ನು ಹಿಡಿದ. ಆಮೇಲೆ ಮತ್ತೊಂದು.

"ವೆಂಡೆಲ್, ನಂಗೇನೂ ಕಾಣ್ತಿಲ್ಲ. ಎಲ್ಲಿದೆ ತೋರ್ಸು."

ಅವನು ಇನ್ನೊಂದನ್ನು ಎತ್ತಿಕೊಂಡ. ಕೆಂಡ್ರಾ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಉಳಿದವನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಯದರಲ್ಲಿ ಆ ಹಸಿರು ಗೆರೆ ಕಂಡಿತು.

"ಇದೊಂದೇ," ಎಂದ ವೆಂಡೆಲ್. "ಇದೂ ಅವ್ನ ತಪ್ಪಲ್ಲ. ಕಣ್ಣಿಗೆ ಯಾರಿಗೂ ಕಾಣೋದಲ್ಲ. ಪರೀಕ್ಷೆ ಮಾಡಿಸ್ಬೇಕು ಅಂತ ಮಿಲ್ಟ್‌ಗೆ ಹೇಳಿದ್ದನಂತೆ. ಅಷ್ಟರಲ್ಲಿ..."

ಅವಳು ಪರದೆ ಸರಿಸಿ ಹೊರಗೆ ಬಂದಳು. ಹಗಲ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವನನ್ನು ನೋಡಿದಳು.

"ಯಾಕೆ?"

"ಆ ಗೆರೆ ಕಂಡಾಗ ನಂಗೆ ಖುಷಿಯಾಯ್ತು ಕೆಂಡ್ರಾ. ಅವ್ನದೂ ಒಂದು ಕೆಟ್ಟಿದೆ ಅಂತ. ಒಂದಾದ್ರೆ ಸಾಕಿತ್ತು, ನಂಗೆ ಸಾಲ್ಲಿಲ್ಲ."

"ಶೆಲ್ಫ್ ನೋಡಿ ನಕ್ಕಿದ್ದಕ್ಕಾ?"

"ಅದಕ್ಕಲ್ಲ. ಗೊತ್ತಿಲ್ಲ. ಅದಕ್ಕೂ ಇರ್ಬೋದು."

"ನಾನು ಅಪ್ಪನ ಮೇಲೆ ಅನುಮಾನ ಪಟ್ಟೆ," ಎಂದಳು ಅವಳು. ಧ್ವನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಅದನ್ನ ನಿನ್ನ ಮುಂದೇನೇ ಬಾಯ್ಬಿಟ್ಟು ಹೇಳಿದೆ. ಆಗ್ಲೂ ಸುಮ್ನಿದ್ಯಲ್ಲ ನೀನು. ಅಮ್ಮ ವಾರದಿಂದ ಸರಿಯಾಗಿ ಊಟ ಮಾಡಿಲ್ಲ, ಒಂದೇ ಮನೇಲಿ ಇದ್ಕೊಂಡು ಅದನ್ನೂ ನೋಡ್ತಾ ಇದ್ಯಲ್ಲ."

"ಹೌದು."

"ಅಮ್ಮಂಗೆ ನಾನು ಹೇಳಲ್ಲ. ನೀನೇ ಹೇಳು. ಇವತ್ತೇ."

ರಾಡುಗಳ ಡಬ್ಬಿಯನ್ನು ಎದೆಗವಚಿಕೊಂಡು ಅವಳು ಹೊರಟುಹೋದಳು.

ವೆಂಡೆಲ್ ಮನೆಗೆ ಹೋಗಿ ಲೊರೇನಳಿಗೆ ಎಲ್ಲವನ್ನೂ ಹೇಳಿದ. ಭಾನುವಾರ ತಾನು ಕಿಟಕಿ ನೋಡುತ್ತ ಆಡಿದ ಮಾತನ್ನೂ ಬಿಡಲಿಲ್ಲ. ಅವಳು ಬಟ್ಟೆ ಮಡಚುತ್ತಿದ್ದಳು. ಕೇಳುತ್ತ ಕೇಳುತ್ತ ಅವನ ಅಂಗಿಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಅವ್ನ ಹೆಸರು ಎತ್ತಿದಾಗೆಲ್ಲ ನಿಂಗೆ ಮುಳ್ಳು ಚುಚ್ಚತ್ತೆ ಅಂತ ನಂಗೊತ್ತಿತ್ತು," ಎಂದಳು ಕೊನೆಗೆ. "ಎತ್ಬಾರ್ದಿತ್ತು. ಅದು ನನ್ನ ತಪ್ಪು. ಆದ್ರೆ ಒಂದು ಸಲ ಬಾಯ್ಬಿಟ್ಟು 'ನಂಗೆ ಬೇಜಾರಾಗತ್ತೆ' ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ವೆಂಡೆಲ್?"

ಅವಳು ಅವನನ್ನು ಮನೆ ಬಿಟ್ಟು ಹೋಗು ಎನ್ನಲಿಲ್ಲ. ಅಡುಗೆ ಮಾಡಿ ಬಡಿಸಿದಳು, ತಾನು ಮಾತ್ರ ಬೇರೆ ಹೊತ್ತಿನಲ್ಲಿ ಉಂಡಳು. ಯೂನಿಯನ್ನಿನ ಉಪಾಹಾರಕ್ಕೆ ತಾಯಿ ಮಗಳು ಇಬ್ಬರೇ ಹೋದರು. ಅಲ್ಲಿ ಕೆಂಡ್ರಾ ಎಂದಿನಂತೆ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದಳೆಂದು ವೆಂಡೆಲ್‌ಗೆ ಪೇಟೆಯಲ್ಲಿ ಯಾರೋ ಹೇಳಿ ಗೊತ್ತಾಯಿತು.

ಎಂಜಿನ್ ಕಟ್ಟುವ ಹೊತ್ತಿಗೆ ಮತ್ತೆ ರಾಡಿನ ಪ್ರಶ್ನೆ ಬಂತು. ಕೆಂಡ್ರಾ ಒಂದು ಸಂಜೆ ಬಂದು, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ, ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ಈಗ ಹೇಳು. ಹೊಸದಾ, ಅಪ್ಪಂದಾ?"

ಅಪ್ಪನದು ಎಂದರೆ ಅವಳಿಗೆ ಹಿತವಾಗುತ್ತದೆ, ತನ್ನ ಮೇಲಿನ ಮುನಿಸು ಸ್ವಲ್ಪ ಇಳಿಯಲೂಬಹುದು ಎಂದು ವೆಂಡೆಲ್‌ಗೆ ತಿಳಿದಿತ್ತು.

"ಚರ್ಚಿಗೆ, ಅಂಗಡಿಗೆ ಹೋಗಿ ಬರೋದಾದ್ರೆ ಅಪ್ಪಂದು ಸಾಕು. ಒಂದನ್ನ ಬದಲಾಯಿಸಿ, ಬೋಲ್ಟ್ ಹೊಸದು ಹಾಕಿದ್ರೆ ನಿನ್ನ ಆಯಸ್ಸಿಗೂ ಬರತ್ತೆ. ಶನಿವಾರ ಸ್ಟ್ರಿಪ್ಪಿಗೆ ತಗೊಂಡು ಹೋಗೋಳಾದ್ರೆ ಹೊಸದೇ ಹಾಕು. ಇಷ್ಟು ಹಳೇ ಉಕ್ಕಿನ ಮೇಲೆ ನಿನ್ನ ಕೂರ್ಸೋಕೆ ನಂಗೆ ಧೈರ್ಯ ಇಲ್ಲ."

"ಮಿಲ್ಟ್‌ನ ಕೇಳ್ತೀನಿ," ಎಂದಳು ಅವಳು.

"ಕೇಳು. ಕೇಳ್ಬೇಕು."

ಮಿಲ್ಟ್ ಕೂಡ ಅದನ್ನೇ ಹೇಳಿದ. ಕೆಂಡ್ರಾ ಹೊಸ ರಾಡುಗಳನ್ನೇ ಹಾಕಿದಳು, ಆದರೆ ಎಂಜಿನ್ ಕಟ್ಟಿದ್ದು ಮಿಲ್ಟ್‌ನ ಜೊತೆ, ಅವನ ವರ್ಕ್‌ಶಾಪಿನ ಇನ್ನೊಂದು ತುದಿಯಲ್ಲಿ. ಮಿಲ್ಟ್ ಅಳತೆ ಕೂಗಿ ಹೇಳುವುದು, ಅವಳು ಬೋಲ್ಟ್ ಬಿಗಿಯುವುದು, ಇಬ್ಬರೂ ನಗುವುದು ವೆಂಡೆಲ್‌ಗೆ ತನ್ನ ಬೆಂಚಿನಿಂದ ಕೇಳಿಸುತ್ತಿತ್ತು. ಯಾವುದೋ ಲಾರಿಯ ಸಿಲಿಂಡರ್ ಕೊರೆಯುತ್ತ ಅವನು ತಲೆ ಎತ್ತುತ್ತಿರಲಿಲ್ಲ. ಯಾಕೆ ಹೀಗೆ ಎಂದು ಮಿಲ್ಟ್ ಕೇಳಲಿಲ್ಲ. ಎರಡನೇ ಗಂಡ ಎಂದು ಕರೆಯುವುದನ್ನು ಮಾತ್ರ ಬಿಟ್ಟ. ಅದು ವೆಂಡೆಲ್‌ಗೆ ಇನ್ನೂ ಕಷ್ಟವಾಯಿತು.

ಜೋಳ ಆಳೆತ್ತರ ಬೆಳೆದು ನಿಂತಿದ್ದ ಕಾಲದಲ್ಲಿ ಕಾರು ರಸ್ತೆಗಿಳಿಯಿತು. ಕೆಂಡ್ರಾ ಮೊದಲು ತಾಯಿಯನ್ನು ಕೂರಿಸಿಕೊಂಡು ಹೋದಳು. ಎರಡು ಹೊಲದಾಚೆಯವರೆಗೂ ಆ ಎಂಜಿನ್ನಿನ ಗುಡುಗು ಕೇಳಿಸುತ್ತಿತ್ತು. ವೆಂಡೆಲ್ ಅಂಗಳದ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಕೇಳಿದ. ಅವರು ತಿರುಗಿ ಬಂದಾಗ ಲೊರೇನ್ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ, ಕಣ್ಣು ಕೆಂಪಾಗಿಸಿಕೊಂಡು ಒಳಗೆ ಹೋದಳು. ಕೆಂಡ್ರಾ ಎಂಜಿನ್ ಆರಿಸದೆ ಬಾನೆಟ್ ಎತ್ತಿದಳು.

"ವೆಂಡೆಲ್, ಬಾ ಇಲ್ಲಿ. ಹೆಂಗಿದೆ ಹೇಳು."

ಅವನು ಬಂದು ತಲೆ ವಾಲಿಸಿ ನಿಂತ. ಎಂಜಿನ್ ಸೊಗಸಾಗಿತ್ತು. ಎಲ್ಲೋ ಎಡಗಡೆ, ಹಿಂಬದಿಯಲ್ಲಿ, ಹೊಲಿಗೆ ಯಂತ್ರದ ಹಾಗೆ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಇವತ್ತಿನ ದಿನ, ಅವಳ ಮುಖ ಹೀಗೆ ಅರಳಿರುವಾಗ, ಕೊರತೆ ಹೇಳುವುದೇ ಎಂದು ಅವನಿಗೆ ಅನ್ನಿಸಿತು. ಹೇಳಿದರೆ ಮತ್ತೆ ಹೊಟ್ಟೆಕಿಚ್ಚು ಎಂದುಕೊಂಡಾಳು ಎಂದೂ ಅನ್ನಿಸಿತು.

"ಚೆನ್ನಾಗಿದೆ," ಎಂದ. "ಎಡಗಡೆ ಹಿಂದಿನ ವಾಲ್ವೊಂದು ಸ್ವಲ್ಪ ಸಡಿಲ ಇದೆ. ಟಿಕ್ ಟಿಕ್ ಅಂತಿದೆ, ಕೇಳು. ಸರಿ ಮಾಡ್ಕೋಬೇಕು."

ಕೆಂಡ್ರಾ ಅವನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತು," ಎಂದಳು. "ಆಗ್ಲೇ ಕೇಳಿಸ್ತು. ನೀನೇನು ಹೇಳ್ತೀಯ ನೋಡೋಣ ಅಂತ ಕರೆದೆ."

ಅವಳು ಎಂಜಿನ್ ಆರಿಸಿ, ಒಳಗಿನಿಂದ ಸ್ಪ್ಯಾನರುಗಳ ಪೆಟ್ಟಿಗೆ ತಂದು, ವಾಲ್ವಿನ ಮುಚ್ಚಳದ ಬೋಲ್ಟುಗಳನ್ನು ತಾನೇ ಬಿಚ್ಚತೊಡಗಿದಳು. ಅವನಿಗೆ ಸಹಾಯ ಮಾಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಏನು ಕೇಳಿದರೂ ಮಾಡಲು ಸಿದ್ಧನಾಗಿ, ಅವಳು ಏನೂ ಕೇಳದಿದ್ದರೂ, ವೆಂಡೆಲ್ ಅವಳ ಕೆಲಸ ಮುಗಿಯುವವರೆಗೂ ಬಿಸಿಲಿನಲ್ಲಿ ಅಲ್ಲೇ ನಿಂತಿದ್ದ.